ಎಡ ಟೈರು

ನಡುವೆ ಸವೆದಿದ್ದರೆ ಗಾಳಿ ಹೆಚ್ಚು,
ಎರಡೂ ಅಂಚು ಸವೆದಿದ್ದರೆ ಕಡಿಮೆ.
ಇಷ್ಟು ಹೇಳಲಿಕ್ಕೆ ಮೂಸ ಬೇಕಾಗಿಲ್ಲ,
ಸಿದ್ದಾಪುರದಲ್ಲಿ ಪಂಕ್ಚರ್ ಹಾಕುವ ಯಾವ ಹುಡುಗನೂ ಹೇಳುತ್ತಾನೆ.

ಗುಂಡಿ ಗುಂಡಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಬೇಕು.
ಬಾನೆಟ್ ಅದುಮಿ ಬಿಡಿ:
ಒಮ್ಮೆ ಎದ್ದು ಸುಮ್ಮನಾದರೆ ಜೀವ ಇದೆ,
ತೊಟ್ಟಿಲಿನ ಹಾಗೆ ತೂಗುತ್ತಲೇ ಇದ್ದರೆ ಇಲ್ಲ.

ಕೆಲವು ರೋಗ ಕಣ್ಣಿಗೆ ಸಿಗದು, ಅಂಗೈ ಬೇಕು.
ಒಳಗಿನಿಂದ ಹೊರಗೆ ಸವರಿದರೆ ನುಣುಪು,
ಹೊರಗಿನಿಂದ ಒಳಗೆ ಬಂದರೆ ಗರಗಸ,
ಬೆಕ್ಕಿನ ಬೆನ್ನನ್ನು ಬಾಲದ ಕಡೆಯಿಂದ ಸವರಿದಂತೆ.
ಮುಂದಿನ ಎರಡು ಚಕ್ರ
ಮುನಿಸಿಕೊಂಡು ಮುಖ ತಿರುಗಿಸಿವೆ ಎಂದು ತಿಳಿಯಬೇಕು.

ಪೊನ್ನವ್ವನ ಬಿಳಿ ಆಲ್ಟೊದಲ್ಲಿ ಇದ್ಯಾವುದೂ ಇರಲಿಲ್ಲ.
ಎಡ ಮುಂದಿನದು, ಅದೂ ಹೊರಗಿನ ಅಂಚು ಮಾತ್ರ,
ಇಲಿ ಕಡಿದ ರೊಟ್ಟಿ.
ಹಿಂದಿನ ಎಡಕ್ಕೂ ಸ್ವಲ್ಪ.
ಬಲಗಡೆ ಎರಡೂ ಮದುಮಕ್ಕಳಂತೆ.

ಟೈರು ಬದಲಿಸಿದೆ. ಎಂಟು ತಿಂಗಳಿಗೆ ಮತ್ತೆ ಅದೇ.
ಗೋಣಿಕೊಪ್ಪಕ್ಕೆ ಕಳಿಸಿ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದೆ,
ಎಲ್ಲ ಹಸಿರು, ಎಲ್ಲ ಸರಿ ಎಂಬ ಚೀಟಿ ಬಂತು.
ಬಾಲ್ ಜಾಯಿಂಟ್ ಅಲುಗಿಸಿದೆ, ಬುಷ್ ಹೊಸದು ಹಾಕಿದೆ,
ಬೇರಿಂಗಿಗೆ ಕಿವಿಯಿಟ್ಟು ಕೂತೆ.
ದುಡ್ಡು ತೆಗೆದುಕೊಳ್ಳಲು ನಾಚಿಕೆಯಾಗಿ
ನಾಳೆ ನಾನೂ ಬರುತ್ತೇನೆ ಎಂದೆ.

ಬೆಳಿಗ್ಗೆ ಏಳೂವರೆ.
ಹಿಂದಿನ ಸೀಟಿನಲ್ಲಿ ಲಸಿಕೆಯ ನೀಲಿ ಡಬ್ಬಿ,
ಬೆಲ್ಟು ಹಾಕಿಸಿಕೊಂಡು ಮಗುವಿನಂತೆ ಕೂತಿದೆ.
ಮಾಲ್ದಾರೆ ಕಡೆಯ ಲೈನ್ ಮನೆಗಳು.
ಐಸು ಕರಗುವ ಮುಂಚೆ ಮೂವತ್ತೊಂದು ಮಕ್ಕಳು.
ನಾನು ಮುಂದೆ, ಸರಿಯಾಗಿ ರೋಗಿಯ ಮೇಲೆ.

ಮೊದಲ ತಿರುವಿಗೆ ಮರದ ಲಾರಿ.
ಪೊನ್ನವ್ವ ಕಾರು ಇಳಿಸಿದಳು,
ಎಡ ಚಕ್ರ ಟಾರು ಬಿಟ್ಟು ಮಣ್ಣಿಗೆ. ಕರ್ರ್.
ಮಳೆ ಮಣ್ಣನ್ನು ಕೊರೆದು ಒಯ್ದ ಕಡೆ
ಟಾರಿನ ಅಂಚು ನಾಲ್ಕು ಬೆರಳೆತ್ತರ, ಕತ್ತಿ.
ಮತ್ತೆ ಹತ್ತಿಸಿದಳು. ಕರ್ರ್.
ತೋಟದ ಟ್ರ್ಯಾಕ್ಟರು ಬಂತು, ಇಳಿಸಿದಳು.
ರೆಸಾರ್ಟಿನ ದೊಡ್ಡ ಕಾರು, ಕಿಟಕಿ ತುಂಬ ಹಾಡು. ಇಳಿಸಿದಳು.
ಖಾಲಿ ಪಿಕಪ್ಪಿಗೂ!
ಹನ್ನೊಂದು ಕಿಲೋಮೀಟರಿಗೆ ಇಪ್ಪತ್ತಾರು ಸಲ, ನಾನು ಎಣಿಸಿದ್ದು.

“ಅವರು ಯಾರೂ ಇಳಿಸುವುದಿಲ್ವಾ?”
“ಅವರಿಗೆ ಏನೋ ಅರ್ಜೆಂಟ್ ಇರ್ತದೆ, ಮೂಸಣ್ಣ.”

ಹಿಂದೆ ಡಬ್ಬಿಯೊಳಗೆ ನೀರು ಸಣ್ಣಗೆ ಕುಲುಕಿತು.

ಆಮೇಲೆ ಒಂದು ಒಂಟಿ ಸಲಗ, ರಸ್ತೆಗೆ ಅಡ್ಡ.
ಆಚೆ ಈಚೆ ಎಲ್ಲ ನಿಂತಿತು.
ಲಾರಿ ರಿವರ್ಸ್ ಹೋಯಿತು, ಜೀಪು ಮಣ್ಣಿಗಿಳಿಯಿತು,
ಎಲ್ಲಿಯದೋ ಹಾಡು ಬಾಯಿ ಮುಚ್ಚಿತು.
ಸಲಗ ಹಲಸಿನ ವಾಸನೆ ಹಿಡಿದು
ಬೇಲಿ ಮುರಿದು ಕಾಫಿಯೊಳಗೆ ಹೋಯಿತು.
ಹೋದ ಮೇಲೂ ಯಾರೂ ಕದಲಲಿಲ್ಲ.

ಪೊನ್ನವ್ವ ವಾಚು ನೋಡಿದಳು.
ಫಸ್ಟ್ ಗೇರ್.
ಹೊರಟಳು ರಸ್ತೆಯ ನಟ್ಟನಡುವೆ,
ನಾಲ್ಕೂ ಚಕ್ರ ಟಾರಿನ ಮೇಲೆ.
ಎರಡೂ ಬದಿಗೆ ಸರಿದು ನಿಂತ ವಾಹನಗಳಿಂದ
ಡ್ರೈವರುಗಳು ಇಣುಕಿ ನೋಡಿದರು.
ಇನ್ನೂರು ಮೀಟರ್ ಇರಬಹುದು.
ನನ್ನ ಪಾದದಡಿ ಸದ್ದೇ ಇಲ್ಲ.
ಮೂವತ್ತು ವರ್ಷ ಟೈರು ಸವರಿದ ಅಂಗೈಗೆ
ಅಂಥ ನುಣುಪು ಸಿಕ್ಕಿದ್ದಿಲ್ಲ.

ತಿರುವಿನಾಚೆ ಹಾರ್ನ್ ಕೇಳಿತು.
ಕರ್ರ್.

ಸಂಜೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಟ್ಟೆ.
ಇದು ಔಷಧಿ ಅಲ್ಲಮ್ಮ, ಹಂಚಿಕೆ ಅಷ್ಟೇ, ಅಂದೆ.
ಆಯ್ತು ಎಂದಳು. ಅವಳ ಲೆಕ್ಕದ ಪುಸ್ತಕದಲ್ಲಿ
ಮೂವತ್ತೊಂದಕ್ಕೆ ಇಪ್ಪತ್ತೊಂಬತ್ತು ಗೀಟು.
ಉಳಿದ ಇಬ್ಬರಿಗೆ
ನಾಳೆ ಅದೇ ದಾರಿ.